ಖಾಲಿ ಛತ್ರದಲ್ಲಿ ಹಿತ್ತಾಳೆ ಸಿಂಬಲ್

ಹೋದ ವರ್ಷ ನನ್ನ ಹಳೇ ಕ್ರ್ಯಾಶ್ ಸಿಂಬಲ್ ಅಂಚಿನಲ್ಲಿ ಸೀಳಿತು. ಹಾಡಿನ ಸಾಲು ಮುಗಿಯುವಲ್ಲಿ ಡ್ರಮ್ಸ್‌ನವನು ಜೋರಾಗಿ ಒಂದೇಟು ಹೊಡೆಯುತ್ತಾನಲ್ಲ, ಆ ಅಗಲವಾದ ಲೋಹದ ತಟ್ಟೆ. ವಾರವೆಲ್ಲ ಚಿಕ್ಕಬಳ್ಳಾಪುರದ ಕಚೇರಿಯೊಂದರಲ್ಲಿ ಗುಮಾಸ್ತ, ಮದುವೆ ಮುಹೂರ್ತಗಳಿದ್ದಾಗ ಆರ್ಕೆಸ್ಟ್ರಾದಲ್ಲಿ ಡ್ರಮ್ಸ್, ಇದು ನನ್ನ ಬದುಕು. ಕಂಚಿನ ಸಿಂಬಲ್ ನನ್ನ ಕೈಗೆ ಎಟುಕುವಂಥದ್ದಲ್ಲ. ಫೋನಿನಲ್ಲಿ ಹುಡುಕಿ ಹಿತ್ತಾಳೆಯದೊಂದು ಸೆಟ್ ತರಿಸಿದೆ.

ನಾನೊಬ್ಬನೇ ಇರುವ ಬಾಡಿಗೆ ಕೋಣೆಯಲ್ಲಿ ಅದನ್ನು ಬಾರಿಸುವ ಹಾಗಿರಲಿಲ್ಲ. ಮಂಚದ ಮೇಲಿಟ್ಟುಕೊಂಡು ಉಗುರಿನಿಂದ ತಟ್ಟಿ ನೋಡಿದೆ. ಚೆನ್ನಾಗಿದೆಯೋ ಇಲ್ಲವೋ ತಿಳಿಯಲಿಲ್ಲ. ಡ್ರಮ್ಸ್ ಹಿಂದೆ ಕೂತವನಿಗೆ ಜನರ ಕಿವಿಗೆ ಏನು ಬೀಳುತ್ತೆ ಅನ್ನೋದು ಯಾವತ್ತೂ ಗೊತ್ತಾಗಲ್ಲ. ಆ ಕೆಲಸಕ್ಕೆ ನನಗೊಬ್ಬ ಗೆಳೆಯನಿದ್ದ.

ಅವನು ಗೌರಿಬಿದನೂರಿನವನು, ಬೇಸ್ ಗಿಟಾರ್ ನುಡಿಸುತ್ತಿದ್ದ. ಹದಿನಾಲ್ಕು ವರ್ಷ ಪಕ್ಕಪಕ್ಕದಲ್ಲಿ ನಿಂತು, ಕೂತು ಬಾರಿಸಿದ್ದೆವು. ಕಾರ್ಯಕ್ರಮಕ್ಕೆ ಮೊದಲು ಛತ್ರದ ಕೊನೇ ಸಾಲಿಗೆ ಹೋಗಿ ನಿಲ್ಲುತ್ತಿದ್ದ. ಕೈ ಎತ್ತಿದರೆ ಸರಿ, ಆಡಿಸಿದರೆ ಬದಲಾಯಿಸಬೇಕು. ಸಿಂಬಲ್ ಸೀಳುವುದಕ್ಕೆ ಮೂರು ವರ್ಷ ಮೊದಲು ಶಿಡ್ಲಘಟ್ಟದಲ್ಲಿ ಒಂದು ಆರತಕ್ಷತೆ. ಹಾಡೊಂದು ಎಡವಿತು. ಅದು ಮುಗಿದ ಮೇಲೆ ನಾನು ಸಿಟ್ಟಿನಲ್ಲಿ ಅವನ ಕಡೆ ತಿರುಗಿ, "ತಾಳ ತಪ್ತಿರೋದು ನೀನು ಕಣೋ, ನಾನಲ್ಲ" ಅಂದೆ. ನನ್ನ ಮೈಕ್ ಆನ್ ಆಗಿತ್ತು. ಜನ ನಕ್ಕರು. ಅವನು ಉಳಿದ ಹಾಡುಗಳಿಗೆಲ್ಲ ನೆಟ್ಟಗೆ ನುಡಿಸಿ, ಗಿಟಾರನ್ನು ಚೀಲಕ್ಕೆ ಹಾಕಿಕೊಂಡು ಹೋದ. ಮತ್ತೆ ಬರಲಿಲ್ಲ. ತಿಂಗಳಾದ ಮೇಲೆ ಆ ದಿನದ ವಿಡಿಯೋ ನೋಡಿದೆ. ತಪ್ಪಿದ್ದವನು ನಾನು. ಅದನ್ನು ಅವನಿಗೆ ಹೇಳಲು ಬಾಯಿ ಬರಲಿಲ್ಲ.

ಹೊಸ ಸೆಟ್ ಬಂದ ವಾರವೇ ಚಿಂತಾಮಣಿಯಲ್ಲಿ ಸಂಜೆಯ ಆರತಕ್ಷತೆ ಇತ್ತು. ಪರೀಕ್ಷೆ ಮಾಡೋಣವೆಂದು ಉಳಿದವರಿಗಿಂತ ಮುಂಚೆ, ಮಧ್ಯಾಹ್ನವೇ ಬಸ್ಸಿನಲ್ಲಿ ಹೋದೆ. ಛತ್ರದಲ್ಲಿ ನೆಲ ಒರೆಸುತ್ತಿದ್ದ ಒಬ್ಬ ಹೆಂಗಸು ಬಿಟ್ಟರೆ ಯಾರೂ ಇಲ್ಲ. ವೇದಿಕೆಯಲ್ಲಿ ಸಿಂಬಲ್‌ಗಳನ್ನು ಸ್ಟ್ಯಾಂಡಿಗೆ ಹಾಕಿ, ಕ್ರ್ಯಾಶಿಗೆ ಒಂದೇಟು ಹೊಡೆದೆ. ಅವರು ಬಟ್ಟೆ ಕೆಳಗಿಟ್ಟು ನೋಡಿದರು.

"ಅಕ್ಕ, ಅಲ್ಲಿ ಹಿಂದೆ ನಿಂತ್ಕೊಂಡು ಹೆಂಗ್ ಕೇಳ್ಸುತ್ತೆ ಅಂತ ಹೇಳ್ತೀರಾ?"

ಬಾಗಿಲ ಹತ್ತಿರ ಹೋಗಿ ನಿಂತರು. ಕಾಲಲ್ಲಿ ಒತ್ತುವ ಜೋಡಿ ಸಿಂಬಲ್, ಹೈ-ಹ್ಯಾಟ್, ಬಾರಿಸಿದೆ. "ಬಾಗುಂದಿ ಕಣಪ್ಪ, ಈ ಚಿಕ್ಕದು" ಅಂತ ಆ ಕಡೆಯ ತೆಲುಗು ಬೆರೆಸಿ ಮೆಚ್ಚಿಕೊಂಡರು. ಕ್ರ್ಯಾಶ್ ಹೊಡೆದೆ. "ಇದು ಅಡುಗೆಮನೇಲಿ ತಟ್ಟೆಗಳು ಬಿದ್ದಂಗೈತೆ" ಅಂತ ಹೇಳಿ, ಬಕೆಟ್ ಎತ್ತಿಕೊಂಡು ಒಳಗೆ ಹೋದರು.

ಅವರ ಮಾತು ನಿಜ. ಸದ್ದು ಚೂಪಾಗಿತ್ತು, ಹೊಡೆದ ಮೇಲೂ ಬೇಡದಷ್ಟು ಹೊತ್ತು ಗುಯ್‌ಗುಟ್ಟುತ್ತಿತ್ತು. ಫೋನನ್ನು ಕೊನೇ ಸಾಲಿನ ಕುರ್ಚಿಯ ಮೇಲಿಟ್ಟು, ವೇದಿಕೆಗೆ ಬಂದು ಎಲ್ಲವನ್ನೂ ಬಾರಿಸಿ ರೆಕಾರ್ಡ್ ಮಾಡಿದೆ. ಒಂದಕ್ಷರವನ್ನೂ ಬರೆಯದೆ ಗೆಳೆಯನಿಗೆ ಕಳಿಸಿಬಿಟ್ಟೆ.

ಒಂದು ಗಂಟೆಯಾದ ಮೇಲೆ ಉತ್ತರ ಬಂತು. "ಕ್ರ್ಯಾಶಿಗೆ ತಳದಲ್ಲಿ, ಅಂಚಿಂದ ಎರಡು ಬೆರಳು ಒಳಗೆ, ಬಟ್ಟೆ ಟೇಪ್ ಹಾಕು. ಅಂಚಿಗೆ ಬಡೀಬೇಡ, ಸವರಿದಂಗೆ ಹೊಡಿ." ಅಷ್ಟೇ.

ಬಸ್ ಸ್ಟ್ಯಾಂಡ್ ಪಕ್ಕದ ಅಂಗಡಿಯಿಂದ ಟೇಪ್ ತಂದು ಅಂಟಿಸಿದೆ. ಗುಯ್‌ಗುಟ್ಟುವುದು ನಿಂತಿತು. ಸಂಜೆ ಎರಡು ಗಂಟೆ ಹೊತ್ತು ಬಾರಿಸಿದೆ, ಯಾರೂ ಮುಖ ಸಿಂಡರಿಸಲಿಲ್ಲ. ಗಾಯಕಿ, "ಹೊಸದಾ ಅಣ್ಣ? ಪರವಾಗಿಲ್ಲ" ಅಂದಳು. ಊಟದ ಹಾಲಿನಲ್ಲಿ ಗಂಡಿನ ಕಡೆಯವರ ನಡುವೆ ಸಿಕ್ಕ ಜಾಗದಲ್ಲಿ ಕೂತು ಎಲೆಗೆ ಬಡಿಸಿದ್ದನ್ನು ತಿಂದೆ. ಕೈ ತೊಳೆದು ಬಂದು, ಕಾರಿಡಾರಿನಲ್ಲಿ ನಿಂತು ಫೋನಿನಲ್ಲಿ ಬರೆದೆ: "ಟೇಪಿಂದ ಸರಿಹೋಯ್ತು. ಶಿಡ್ಲಘಟ್ಟದಲ್ಲಿ ತಾಳ ತಪ್ಪಿದ್ದು ನಾನೇ. ವಿಡಿಯೋ ನೋಡಿದೆ. ಎಲ್ಲರೆದುರು ನಿನ್ನನ್ನ ಹಂಗಂದಿದ್ದು ತಪ್ಪು."

ಮೆಸೇಜಿನ ಕೆಳಗಿನ ಎರಡು ಟಿಕ್ ನೀಲಿಯಾದವು, ಅವನು ಓದಿದ್ದ. ಉತ್ತರ ಬರಲಿಲ್ಲ, ಮಾರನೇ ದಿನವೂ ಬರಲಿಲ್ಲ. ಅವನು ಮೂರು ವರ್ಷ ಕಾದಿದ್ದನ್ನು ನೆನೆದರೆ ಅವನ ಮೇಲೆ ಬೇಜಾರು ಮಾಡಿಕೊಳ್ಳುವ ಹಕ್ಕು ನನಗಿಲ್ಲ.

ಆ ಸೆಟ್ ಈಗಲೂ ಬಾರಿಸುತ್ತಿದ್ದೇನೆ. ತಾಳಕ್ಕೆ ಒಂದೇ ಸಮ ತಟ್ಟುತ್ತಿರುವ ರೈಡ್ ಸಿಂಬಲ್ ಮಂಕು, ಹೈ-ಹ್ಯಾಟ್ ಚೆನ್ನಾಗಿದೆ. ಬೇಸ್ ಈಗ ಕೀಬೋರ್ಡಿನವನ ಎಡಗೈಯಲ್ಲೇ ಆಗುತ್ತೆ. ನನ್ನ ಬಲಗಡೆ, ಅವನು ನಿಲ್ಲುತ್ತಿದ್ದ ಜಾಗದಲ್ಲಿ, ಸ್ಪೀಕರ್ ಇಡುತ್ತಾರೆ.