ಮೊಳಕಾಲ್ಮೂರಿಗೆ ಕರೆಂಟು ಹುಡುಕಿಕೊಂಡು

ದಾವಣಗೆರೆಯಿಂದ ಹೊರಟ ದಿನ ಆಕಾಶದಲ್ಲಿ ಒಂದು ಚೂರೂ ಮೋಡವಿರಲಿಲ್ಲ. ಕಂಡಕ್ಟರ್ ಹರಿದುಕೊಟ್ಟ ಸೊನ್ನೆ ರೂಪಾಯಿ ಟಿಕೆಟ್ಟನ್ನು ಪರ್ಸಿನೊಳಗೆ ಜೋಪಾನವಾಗಿ ಇಟ್ಟುಕೊಂಡೆ. ಹೆಂಗಸರಿಗೆ ಸರ್ಕಾರಿ ಬಸ್ಸು ಉಚಿತವಾದ ಮೇಲೆ ಅಮ್ಮನ ಕಾಲು ಮನೆಯಲ್ಲಿ ನಿಲ್ಲುವುದಿಲ್ಲ ಎಂದು ಮಗಳು ಆಡಿಕೊಳ್ಳುತ್ತಾಳೆ. ಈ ಸಲ ಮಾತ್ರ ನಾನು ಕೆಲಸದ ಮೇಲೆ ಹೊರಟಿದ್ದೆ.

ಪಾಲಿಟೆಕ್ನಿಕ್‌ನಲ್ಲಿ ಎಲೆಕ್ಟ್ರಿಕಲ್ ಪಾಠ ಹೇಳಿ ನಿವೃತ್ತಳಾದವಳು ನಾನು. ಸರ್ಕಾರದ ಅನುದಾನದಲ್ಲಿ ಕೂರಿಸಿದ ಸೋಲಾರ್ ಫಲಕಗಳ ಬಗ್ಗೆ ತಕರಾರು ಬಂದರೆ ಹೊರಗಿನವರೊಬ್ಬರು ಹೋಗಿ ನೋಡಿ ವರದಿ ಕೊಡುವ ಪದ್ಧತಿಯಿದೆ. ಅದಕ್ಕೆ ನನ್ನಂಥ ನಿವೃತ್ತರನ್ನು ಕರೆಯುತ್ತಾರೆ. ಮೊಳಕಾಲ್ಮೂರಿನ ರೇಷ್ಮೆ ನೇಕಾರರ ಸಂಘವೊಂದರ ಮಗ್ಗದ ಶೆಡ್ಡಿಗೆ ಹೀಗೆ ಫಲಕ ಹಾಕಿದ್ದರು. ದೀಪ, ಫ್ಯಾನು, ನೂಲು ಸುತ್ತುವ ಯಂತ್ರಕ್ಕೆ ಬಳಸಿ ಉಳಿದ ಕರೆಂಟನ್ನು ವಿದ್ಯುತ್ ಕಂಪನಿಗೆ ಕೊಡುವ ಏರ್ಪಾಡು. ಆದರೆ ಬರಬೇಕಾದ್ದರಲ್ಲಿ ಅರ್ಧವೂ ಬರುತ್ತಿರಲಿಲ್ಲ. ಸಂಘದ ಅಧ್ಯಕ್ಷೆ ಸರೋಜಮ್ಮ ಕರೆಂಟು ಕದಿಯುತ್ತಿದ್ದಾರೆ ಎಂದು ಅದೇ ಬೀದಿಯವರು ದೂರು ಬರೆದಿದ್ದರು.

ಚಿತ್ರದುರ್ಗದಲ್ಲಿ ಬಸ್ಸು ಬದಲಿಸಿ ಚಳ್ಳಕೆರೆಯಲ್ಲಿ ಇಳಿದಾಗ ಮಧ್ಯಾಹ್ನ. ಎಣ್ಣೆ ಗಿರಣಿಗಳ ಕಡೆಯಿಂದ ಶೇಂಗಾದ ಬಿಸಿ ವಾಸನೆ ಬರುತ್ತಿತ್ತು. ಹಸಿವು ತಡೆಯಲಾರದೆ ಬಸ್ ನಿಲ್ದಾಣದ ಹತ್ತಿರದ ಅಂಗಡಿಯಲ್ಲಿ ಒಗ್ಗರಣೆ ಮಂಡಕ್ಕಿ, ಮೆಣಸಿನಕಾಯಿ ಬಜ್ಜಿ ತಿಂದೆ. ಬಜ್ಜಿ ಬಾಯಿ ಸುಟ್ಟಿತು. ಟೀಯಲ್ಲಿ ಎಂದಿನಂತೆ ಸಕ್ಕರೆ ಸುರಿದಿದ್ದರು. ಎರಡನ್ನೂ ಬೈದುಕೊಳ್ಳುತ್ತಾ ಸೋಲಾರ್ ಕೆಲಸ ನೋಡಿಕೊಳ್ಳುವ ಕಚೇರಿಗೆ ನಡೆದೆ.

ಅಲ್ಲಿನ ಎಂಜಿನಿಯರ್ ಇನ್ನೂ ಚಿಕ್ಕ ವಯಸ್ಸಿನವರು. ಕುರ್ಚಿ ಎಳೆದುಕೊಟ್ಟು, ಫ್ಯಾನನ್ನು ನನ್ನ ಕಡೆ ತಿರುಗಿಸಿದರು.

"ನಮ್ಮೋರು ಎರಡು ಸಲ ಹೋಗಿ ಬಂದವ್ರೆ ಮೇಡಂ. ಹೋದಾಗೆಲ್ಲ ಫಲಕ ಫಳಫಳ ಅಂತಿರ್ತವೆ, ಕರೆಂಟೂ ಸರಿಯಾಗೇ ಬರ್ತಿರ್ತೈತೆ. ತಿಂಗಳ ಕೊನೆಗೆ ನೋಡಿದ್ರೆ ಅರ್ಧ ಇಲ್ಲ. ಅಂದ್ರೆ ನಾವು ಬೆನ್ನು ತಿರುಗಿಸಿದ ಮೇಲೆ ಯಾರೋ ಎಳ್ಕಂತಿದಾರೆ. ಆ ಸರೋಜಮ್ಮನ ಮನೆ ಶೆಡ್ಡಿನ ಗೋಡೆಗೇ ಅಂಟ್ಕಂಡೈತೆ. ನೀವು ಅಲ್ಲಿಗಂಟ ಹೋಗೋದೇ ಬ್ಯಾಡ, ಇಲ್ಲೇ ಕುಂತು ಬರ್ಕೊಡ್ರಿ. ಸಂಘದೋರು ಕೇಳಿರೋ ಎರಡನೇ ಶೆಡ್ಡಿನ ಅನುದಾನ ತಡೆದು ಇಟ್ಟೀವಿ. ಅದನ್ನ ರದ್ದು ಮಾಡಿ ಕೈ ತೊಳ್ಕಂತೀವಿ."

ಅವರ ಲೆಕ್ಕ ನನಗೂ ಸರಿಯೆನಿಸಿತು, ಸುಳ್ಳು ಹೇಳುವುದಿಲ್ಲ. ಆದರೆ ನೋಡದೇ ಬರೆಯುವುದು ನನ್ನ ಜಾಯಮಾನವಲ್ಲ. ಸರ್ಕಾರದ ದುಡ್ಡು ತಿಂದಿದ್ದರೆ ತಿಂದಿದ್ದಾರೆ ಎಂದೇ ಬರೆಯುತ್ತೇನೆ, ಆದರೆ ಕಣ್ಣಾರೆ ಕಂಡು ಬರೆಯುತ್ತೇನೆ ಎಂದು ಹೇಳಿ ಎದ್ದೆ. ಅವರು ಮುಖ ಹುಳ್ಳಗೆ ಮಾಡಿಕೊಂಡು, ನಾಳೆ ಹನ್ನೊಂದಕ್ಕೆ ನಾನು ಬರುವುದಾಗಿ ಸಂಘಕ್ಕೆ ಫೋನು ಮಾಡಿದರು.

ಮೊಳಕಾಲ್ಮೂರಿನ ಬಸ್ಸು ತುಂಬಿತ್ತು. ತಳಕಿನಲ್ಲಿ ಹತ್ತಿದ ಹೆಂಗಸೊಬ್ಬರು ಚೀಲವನ್ನು ನನ್ನ ಕಾಲಿನ ಮೇಲೇ ಇಟ್ಟು ಪಕ್ಕದಲ್ಲಿ ಕುಳಿತರು. ಚೀಲ ಸರಿಸಿ ಎಂದೆ. ಸರಿಸಲಿಲ್ಲ, ಬದಲಿಗೆ ಒಂದು ಹಿಡಿ ಹುರಿದ ಶೇಂಗಾ ಕೊಟ್ಟರು. ಎಲ್ಲಿಗೆ, ಯಾಕೆ ಎಂದು ಕೇಳಿದರು. ಹೇಳಿದೆ.

"ನಮ್ಮೂರಾಗೂ ನೀರಿನ ಟ್ಯಾಂಕಿಗೆ ಸೋಲಾರ್ ಹಾಕ್ಯಾರೆ. ನೋಡಾಕೆ ಬರೋರು ಬರೋದಕ್ಕೆ ಮುಂಚೆ ಫೋನ್ ಮಾಡ್ತಾರೆ. ನಾವು ಕಸ ಗುಡಿಸಿ, ಟೀ ಕಾಯಿಸಿ ಇಟ್ಟಿರ್ತೀವಿ. ಕುಡ್ದು ಹೋಗ್ತಾರೆ. ಹೇಳಿ ಬಂದ್ರೆ ಏನು ಕಾಣ್ತೈತ್ರಿ?" ಎಂದರು.

ಆ ಮಾತು ನನ್ನೊಳಗೆ ಇಳಿಯಿತು. ಹಾನಗಲ್ ಎಂಬ ಹಳ್ಳಿ ದಾಟಿ ಬಂಡೆ ಗುಡ್ಡಗಳು ಹತ್ತಿರವಾಗುವ ಹೊತ್ತಿಗೆ, ಹನ್ನೊಂದಕ್ಕಲ್ಲ, ಬೆಳಿಗ್ಗೆಯೇ ಹೋಗಬೇಕೆಂದು ತೀರ್ಮಾನಿಸಿದ್ದೆ. ಆ ರಾತ್ರಿ ಲಾಡ್ಜಿನಲ್ಲಿ ಮುದ್ದೆ, ಸೊಪ್ಪಿನ ಸಾರು ಉಂಡು ಬೇಗ ಮಲಗಿದೆ. ಹಾಸಿಗೆ ಚೆನ್ನಾಗಿತ್ತು, ಸೊಳ್ಳೆಗಳೂ ಚೆನ್ನಾಗಿದ್ದವು.

ಮರುದಿನ ಸೂರ್ಯ ಹುಟ್ಟಿದ ಸ್ವಲ್ಪ ಹೊತ್ತಿಗೆ ನೇಕಾರರ ಬೀದಿ ಸೇರಿದೆ. ಮನೆಮನೆಯಿಂದ ಮಗ್ಗದ ಸದ್ದು, ತೆಲುಗು ಮಾತು, ಒಲೆಯ ಹೊಗೆ. ಸಂಘದ ಶೆಡ್ಡು ಬೀದಿಯ ತುದಿಯಲ್ಲಿತ್ತು. ಅದರ ಮುಂದಿನ ಅಂಗಳದಲ್ಲಿ, ಮೊಣಕಾಲೆತ್ತರದ ಕಬ್ಬಿಣದ ಕಾಲುಗಳ ಮೇಲೆ ಸೋಲಾರ್ ಫಲಕಗಳು ಸಾಲಾಗಿದ್ದವು. ನಾನು ನಿಂತಲ್ಲೇ ನಿಂತೆ. ಸಾಲಿನ ನಡುವಿನ ಎರಡು ಫಲಕಗಳ ಮೇಲೆ ಹಳೆಯ ಪಂಚೆ ಹೊದಿಸಿ, ಹಾರದಂತೆ ನಾಲ್ಕು ಮೂಲೆಗೂ ಕಲ್ಲು ಕಟ್ಟಿದ್ದರು.

ಶೆಡ್ಡಿನೊಳಗೆ ಇಣುಕಿದೆ. ನೇಕಾರರು ಗುಂಡಿಯೊಳಗೆ ಕಾಲು ಇಳಿಬಿಟ್ಟು, ನೆಲಕ್ಕೆ ಸಮನಾಗಿ ಕೂತು ನೇಯುತ್ತಿದ್ದರು. ಅವರಿಗೆ ಬೆಳಕು ಬೀಳಲೆಂದು ಕಿಟಕಿಗಳನ್ನೂ ತಗ್ಗಿನಲ್ಲೇ ಇಟ್ಟಿದ್ದಾರೆ, ಅದೂ ಮೂಡಲಿಗೆ, ಅಂಗಳದ ಕಡೆಗೆ. ಬಾಗಿಲ ಹತ್ತಿರದ ಮಗ್ಗದಲ್ಲಿದ್ದ ನಾಗಪ್ಪ ಎಂಬ ಹಿರಿಯರನ್ನು, ಪಂಚೆ ಯಾಕೆ ಹೊದಿಸಿದ್ದೀರಿ ಎಂದು ಕೇಳಿದೆ.

"ಕಣ್ಣಿಗೆ ಹೊಡೀತೈತ್ರಿ. ಬೆಳಗಿನ ಬಿಸಿಲು ಆ ಗಾಜಿಗೆ ಬಿದ್ದು ಸೀದಾ ಮಖಕ್ಕೇ ಬರ್ತೈತೆ. ಜರಿ ಎಳೆ ಯಾವ್ದು, ರೇಷ್ಮೆ ಎಳೆ ಯಾವ್ದು ಕಾಣಂಗಿಲ್ಲ. ಎಲ್ಲಾದಕ್ಕೂ ಹೊದಿಸಿಲ್ಲ, ಕಿಟಕಿ ಮುಂದಿನ ಎರಡಕ್ಕೇ."

"ಬಿಸಿಲು ಏರಿದ ಮೇಲೆ ತೆಗೆಯುವುದಿಲ್ವಾ?"

"ಮಗ್ಗದ ಗುಂಡಿಯಿಂದ ಯಾರು ಏಳ್ತಾರ್ರಿ? ಸಂಜೆಗಂಟ ಇರ್ತೈತೆ."

"ಮತ್ತೆ ನೋಡಲು ಬಂದವರ್ಯಾರೂ ಈ ಪಂಚೆ ಕಂಡೇ ಇಲ್ಲವಲ್ಲ?"

ನಾಗಪ್ಪ ನನ್ನನ್ನು ಪೆದ್ದಿಯನ್ನು ನೋಡುವ ಹಾಗೆ ನೋಡಿದರು. "ಆಫೀಸಿನೋರು ಬರೋ ಹೊತ್ನಾಗೆ ಹರಕು ಪಂಚೆ ಇಕ್ಕಂಡು ಕುಂತ್ಕಂಬೇಕೇನ್ರಿ? ಮರ್ಯಾದಿ ಬ್ಯಾಡ್ವಾ? ಫೋನ್ ಬಂದ್ರೆ, ಅವ್ರು ಬರೋದ್ರೊಳಗೆ ತೆಗೆದು, ಗಾಜು ಒರೆಸಿ ಇಡ್ತೀವಿ. ಇವತ್ತೂ ಹನ್ನೊಂದಕ್ಕೆ ಯಾರೋ ಬರ್ತಾರಂತೆ, ಆಗ ತೆಗೀತೀವಿ."

ನಗು ಬಂತು. ತಡೆಯಲಾಗದೆ ಅಲ್ಲೇ ಜಗುಲಿಯ ಮೇಲೆ ಕುಳಿತು ನಕ್ಕೆ. ಸದ್ದು ಕೇಳಿ ಪಕ್ಕದ ಮನೆಯಿಂದ ಸರೋಜಮ್ಮ ಓಡಿ ಬಂದರು. ಐವತ್ತು ದಾಟಿದ, ತೆಳ್ಳನೆಯ ಹೆಂಗಸು. ನಾನು ಯಾರೆಂದು ತಿಳಿದ ಕೂಡಲೇ ಪಂಚೆಯ ಕಡೆ ನೋಡಿ "ಅಯ್ಯೋ ದೇವುಡಾ" ಎಂದು ಅದನ್ನು ಎಳೆಯಲು ಹೋದರು. ಬೇಡ ಎಂದು ಕೈ ಹಿಡಿದು ಕೂರಿಸಿ ವಿಷಯ ಬಿಡಿಸಿ ಹೇಳಿದೆ. ಇಲ್ಲಿ ಫಲಕಗಳನ್ನೆಲ್ಲ ಒಂದಕ್ಕೊಂದು ಪೋಣಿಸಿ ಒಂದೇ ಸಾಲು ಮಾಡಿದ್ದಾರೆ. ಸಾಲಿನ ನಡುವೆ ಎರಡಕ್ಕೆ ಮುಸುಕು ಹಾಕಿದರೆ ಕಳೆದುಹೋಗುವುದು ಆ ಎರಡರ ಕರೆಂಟಷ್ಟೇ ಅಲ್ಲ, ಇಡೀ ಸಾಲೇ ಸೊರಗುತ್ತದೆ. ಅವರು ಕೇಳುತ್ತಾ ಕೇಳುತ್ತಾ ಸೆರಗಿನಿಂದ ಬಾಯಿ ಮುಚ್ಚಿಕೊಂಡರು.

"ಹಂಗಾದ್ರೆ ಯಾರೂ ಕದ್ದಿಲ್ವಾ ಮೇಡಂ?"

"ನೋಡೋಣ. ಈಗ ಪಂಚೆ ತೆಗೆಯಿರಿ, ಸಂಜೆವರೆಗೆ ಮತ್ತೆ ಹಾಕಬೇಡಿ. ಕಿಟಕಿಗೇ ಪರದೆ ಕಟ್ಟಿ."

ತಂತಿಗಳನ್ನು ಮೊದಲಿನಿಂದ ಕೊನೆಯವರೆಗೆ ಹಿಡಿದು ನೋಡಿದೆ. ಸರೋಜಮ್ಮನ ಮನೆಯೊಳಗೂ ಹೊಕ್ಕು ನೋಡಿದೆ. ಎಲ್ಲೂ ಕಳ್ಳ ತಂತಿ ಇರಲಿಲ್ಲ. ಆಮೇಲೆ ಸಂಘದ ಕಪಾಟಿನಲ್ಲಿದ್ದ ನಕ್ಷೆ ಬಿಚ್ಚಿದಾಗ ನನ್ನ ನಗು ನಿಂತಿತು. ನಕ್ಷೆಯಲ್ಲಿ ಫಲಕಗಳು ಇರುವುದು ಶೆಡ್ಡಿನ ತಾರಸಿಯ ಮೇಲೆ! ಕಬ್ಬಿಣ, ಕೂಲಿ ಉಳಿಸಲು ಗುತ್ತಿಗೆದಾರ ಅಂಗಳದಲ್ಲೇ ನಿಲ್ಲಿಸಿ ಹೋಗಿದ್ದ. ತಾರಸಿಯ ಮೇಲಿದ್ದಿದ್ದರೆ ಯಾರ ಕಣ್ಣಿಗೂ ಹೊಡೆಯುತ್ತಿರಲಿಲ್ಲ. ಅಲ್ಲೇ ನಿಂತು ಚಳ್ಳಕೆರೆಯ ಎಂಜಿನಿಯರ್‌ಗೆ ಫೋನು ಹಚ್ಚಿದೆ. ಬಿಲ್ಲು ಪಾಸು ಮಾಡುವಾಗ ಯಾರಾದರೂ ತಲೆ ಎತ್ತಿ ತಾರಸಿ ನೋಡಿದಿರಾ ಎಂದು ಕೇಳಿದೆ.

"ಆಗ ನಾನಿರ್ಲಿಲ್ಲ ಮೇಡಂ, ಹಿಂದಿನೋರು."

ಸರ್ಕಾರಿ ಕಚೇರಿಯಲ್ಲಿ ತಪ್ಪು ಮಾಡಿದವರು ಯಾವಾಗಲೂ ಹಿಂದಿನವರೇ. ಬಾಯಿಗೆ ಬಂದದ್ದನ್ನು ನುಂಗಿಕೊಂಡು, ಇದನ್ನೂ ಬರೆಯುತ್ತೇನೆ ಎಂದಷ್ಟೇ ಹೇಳಿ ಫೋನಿಟ್ಟೆ.

ಸಂಜೆಯವರೆಗೆ ಮೀಟರ್ ಮುಂದೆ ಕೂತರೆ ತಲೆ ಕೆಡುತ್ತದೆಂದು ಆಟೋ ಮಾಡಿಕೊಂಡು ಜಟಿಂಗ ರಾಮೇಶ್ವರಕ್ಕೆ ಹೋದೆ. ಮೆಟ್ಟಿಲು ಹತ್ತುವಾಗ ಮಂಡಿ ಹಿಡಿದುಕೊಂಡವು. ಮೇಲೆ ತಂಪು ಗಾಳಿ, ದೇವರ ಮುಂದೆ ಹೆಚ್ಚು ಜನರಿರಲಿಲ್ಲ. ಅಶೋಕನ ಶಾಸನದ ಬಂಡೆಯನ್ನೂ ನೋಡಿದೆ. ಒಂದಕ್ಷರವೂ ತಿಳಿಯಲಿಲ್ಲ. ತಿಳಿದಿದ್ದರೂ ತಲೆಗೆ ಹೋಗುತ್ತಿರಲಿಲ್ಲ. ಬಿಸಿಲು ಒಂದಿಷ್ಟು ಮಂಕಾದರೂ ಮೋಡ ಬಂತೇನೋ ಎಂದು ಆಕಾಶ ನೋಡುತ್ತಿದ್ದೆ.

ಸಂಜೆ ಬಂದು ನೋಡಿದರೆ ಆ ದಿನದ ಕರೆಂಟು ಭರ್ತಿ ಬಂದಿತ್ತು. ಮುಖವನ್ನೇ ನೋಡದ ಹೆಂಗಸೊಬ್ಬಳನ್ನು ಕಳ್ಳಿ ಎಂದು ಬರೆಯಲು ಹಿಂದಿನ ದಿನ ನನ್ನ ಮನಸ್ಸೂ ಅರ್ಧ ಸಿದ್ಧವಾಗಿತ್ತು. ಬರೆಯದೆ ಉಳಿದೆನಲ್ಲ ಎಂದು ನಿಜಕ್ಕೂ ಹಗುರವಾದೆ. ಕಳುವಾಗಿಲ್ಲ, ಫಲಕಗಳನ್ನು ಗುತ್ತಿಗೆದಾರ ತನ್ನ ಖರ್ಚಿನಲ್ಲಿ ತಾರಸಿಗೆ ಏರಿಸಬೇಕು, ನೋಡದೇ ಒಪ್ಪಿದವರು ಉತ್ತರ ಕೊಡಬೇಕು, ಎರಡನೇ ಶೆಡ್ಡಿನ ತಡೆ ತೆಗೆಯಬೇಕು. ಇಷ್ಟನ್ನು ಬರೆದು ಕವರಿಗೆ ಹಾಕುತ್ತಿದ್ದಾಗ ಸರೋಜಮ್ಮ ಎದುರು ನಿಂತರು.

"ಮೇಡಂ, ಕಳ್ಳಿ ಅಂದಿದ್ದು ಬೀದ್ಯಾಗೆ. ಕಳ್ಳಿ ಅಲ್ಲ ಅನ್ನೋದನ್ನ ಕವರ್‌ನಾಗೆ ಹಾಕ್ಕಂಡು ಹೋಗ್ತೀರಾ?"

ವರದಿ ಕಚೇರಿಗೆ ಸೇರಬೇಕಾದ್ದು ಎಂಬ ಮಾತು ನಾಲಿಗೆಯ ತುದಿಗೆ ಬಂದು ನಾಚಿಕೆಯಾಯಿತು. ದುಡ್ಡು ಜನರದ್ದಲ್ಲವೇ? ಕವರಿನಿಂದ ಹಾಳೆ ತೆಗೆದು ಅಂಗಳಕ್ಕೆ ಬಂದೆ. ನಾಗಪ್ಪ ಮಗ್ಗ ನಿಲ್ಲಿಸಿ ಎಲ್ಲರನ್ನೂ ಕೂಗಿದರು. ದೂರು ಬರೆದ ಓಬಳೇಶನೂ ಬಂದು ಹಿಂದೆ ನಿಂತ. ಎರಡನೇ ಶೆಡ್ಡು ಆದರೆ ಅವನಿಗೊಂದು ಮಗ್ಗ ಸಿಗುವುದಿತ್ತು; ಕರೆಂಟು ಕಡಿಮೆ ಬಂದು ಆ ಶೆಡ್ಡು ನಿಂತಿತೆಂದೇ ಅವನಿಗೆ ಅಷ್ಟು ಸಿಟ್ಟು. ಪಾಠ ಹೇಳುತ್ತಿದ್ದ ಕಾಲದ ದೊಡ್ಡ ದನಿ ತೆಗೆದು ಮೊದಲಿನಿಂದ ಕೊನೆಯವರೆಗೆ ಓದಿದೆ. ಪಂಚೆಯ ಮಾತು ಬಂದಾಗ ಎಲ್ಲರೂ ನಕ್ಕರು. ಸರೋಜಮ್ಮ ನಗಲಿಲ್ಲ. ಓಬಳೇಶ ತಲೆ ತಗ್ಗಿಸಿಕೊಂಡು ಹೊರಟುಹೋದ.

ಮರುದಿನ ಬೆಳಿಗ್ಗೆ ಬ್ಯಾಗು ಹಿಡಿದು ಬಸ್ಸಿಗೆ ಹೋಗುವಾಗ ಅದೇ ಬೀದಿಯಲ್ಲಿ ಹಾದೆ. ಹೊಸ ಸೀರೆಯ ಹಾಸನ್ನು, ಎಂದರೆ ಉದ್ದದ ಎಳೆಗಳನ್ನು, ಬೀದಿಯುದ್ದ ಬಿಚ್ಚಿ ನಿಂತಿದ್ದರು. ಅದಕ್ಕೆ ಎರಡು ತುದಿಗೂ ಜನ ಬೇಕು, ಅಕ್ಕಪಕ್ಕದವರು ಕೈ ಕೊಡುತ್ತಾರೆ. ದೂರು ಹೋದಾಗಿನಿಂದ ಸರೋಜಮ್ಮನನ್ನು ಯಾರೂ ಕರೆದಿರಲಿಲ್ಲವೆಂದು ನಾಗಪ್ಪ ಹಿಂದಿನ ಸಂಜೆ ಹೇಳಿದ್ದರು. ಈಗ ಓಬಳೇಶ ಸರೋಜಮ್ಮನ ಬಾಗಿಲಲ್ಲಿ ನಿಂತಿದ್ದ.

"ಅಕ್ಕಾ, ಹಾಸು ಹಿಡಿಯಾಕೆ ಒಬ್ರು ಕಮ್ಮಿ ಆಗ್ಯಾರೆ. ಬರ್ತೀಯಾ?"

"ಕಳ್ಳಿ ಕೈಯಾಗೆ ರೇಷ್ಮೆ ಕೊಡ್ತೀಯೇನಲೇ?"

ಅವನು ತಲೆ ಕೆರೆದುಕೊಂಡ, ಮೆಲ್ಲಗೆ ಏನೋ ಅಂದ.

"ಕೇಳ್ಸಂಗಿಲ್ಲ. ಆವತ್ತು ಎಷ್ಟು ಜೋರಾಗಿ ಅಂದಿದ್ದೆ?"

ಓಬಳೇಶ ಬೀದಿಗೆ ತಿರುಗಿ ನಿಂತು, ಗಂಟಲು ಕಿತ್ತುಹೋಗುವಂತೆ ಕೂಗಿದ: "ತಪ್ಪಾತು! ಸರೋಜಕ್ಕ ಕದ್ದಿಲ್ಲ, ನಾ ಅಂದಿದ್ದು ಸುಳ್ಳು!" ಬಾಗಿಲುಗಳಲ್ಲಿ ಹೆಂಗಸರು ಬಂದು ನಿಂತರು.

ಬಸ್ಸಿಗೆ ಹೊತ್ತಾಗಿತ್ತು. ಬೀದಿಯ ತಿರುವಿನಲ್ಲಿ ಒಮ್ಮೆ ಹಿಂತಿರುಗಿ ನೋಡಿದೆ. ಸರೋಜಮ್ಮ ಸೆರಗು ಸೊಂಟಕ್ಕೆ ಸಿಕ್ಕಿಸಿ ಹಾಸಿನ ಒಂದು ತುದಿ ಹಿಡಿದು, ಇನ್ನೊಂದು ತುದಿಯಲ್ಲಿದ್ದ ಓಬಳೇಶನಿಗೆ, ಸಡಿಲ ಬಿಡಬೇಡವೋ ಎಂದು ಬೈಯುತ್ತಿದ್ದರು.