ಸಕ್ಕರೆಯ ಮುಳ್ಳು ಹುಡುಕಿಕೊಂಡು

ಭಟ್ಕಳದಿಂದ ಹೊರಟ ದಿನ ಜನವರಿ ಎನ್ನುವುದಕ್ಕೆ ಕ್ಯಾಲೆಂಡರ್ ಬಿಟ್ಟರೆ ಬೇರೆ ಸಾಕ್ಷಿ ಇರಲಿಲ್ಲ. ಬೆಳಿಗ್ಗೆಯೇ ಬೆನ್ನು ಬೆವರುತ್ತಿತ್ತು. ಬಸ್ ಸ್ಟ್ಯಾಂಡಿನಲ್ಲಿ ಮಲ್ಲಿಗೆ ಮಾರುವವಳು ದಂಡೆಗಳ ಮೇಲೆ ಒದ್ದೆ ಬಟ್ಟೆ ಹೊದೆಸಿ ಕೂತಿದ್ದಳು. ನಾನು ಹೊರಟದ್ದು ಚಳಿ ಹುಡುಕಿಕೊಂಡು. ಹೇಳಿದರೆ ಯಾರೂ ನಂಬುವುದಿಲ್ಲವೆಂದು ಕಂಡಕ್ಟರನಿಗೆ "ಹೊನ್ನಾವರ" ಎಂದಷ್ಟೇ ಹೇಳಿ, ಆಧಾರ್ ಕಾರ್ಡ್ ತೋರಿಸಿ, ಹೆಂಗಸರ ಫ್ರೀ ಟಿಕೆಟ್ ಪಡೆದು ಕಿಟಕಿ ಪಕ್ಕ ಕೂತೆ.

ಹಿಂದಿನ ದಿನ ಹೊನ್ನಾವರದಿಂದ ಅಕ್ಕ ಫೋನ್ ಮಾಡಿದ್ದಳು. "ಲಲ್ಲೀ, ಈ ವರ್ಷ ಕಾಳಿಗೆ ಮುಳ್ಳೇ ಬರ್ತಿಲ್ವೆ. ನಾಕು ದಿನ ಆತು ಕೈಯಾಡ್ಸಿ, ಗೋಲಿ ಹಾಂಗೆ ನುಣ್ಣಗೆ ಕೂತಿದೆ. ಇಲ್ಲಿ ಚಳಿಯೇ ಇಲ್ಲ. ಘಟ್ಟದ ಬುಡದಲ್ಲಿ ಚಳಿ ಇರ್ತದೆ, ಕತಗಾಲಕ್ಕೆ ಹೋಗ್ವಾ, ಬಾ."

ಸಂಕ್ರಾಂತಿ ಕಾಳು ತಿಂದವರಿಗೆಲ್ಲ ಅದನ್ನು ಮಾಡುವುದು ಗೊತ್ತಿರಲಿಕ್ಕಿಲ್ಲ. ಎಳ್ಳು, ಜೀರಿಗೆ, ಪುಟಾಣಿಗಳನ್ನು ಹರಿವಾಣದಲ್ಲಿ ಹಾಕಿ ಸಣ್ಣ ಕೆಂಡದ ಮೇಲಿಡಬೇಕು. ಸಕ್ಕರೆ ಪಾಕವನ್ನು ಚಮಚ ಚಮಚವಾಗಿ ಬಿಡುತ್ತ, ಬರಿಯ ಬೆರಳಿನಿಂದ ಆಡಿಸುತ್ತ ಕೂರಬೇಕು. ಹವೆ ತಣ್ಣಗಿದ್ದರೆ ಕಾಳಿನ ಮೈಮೇಲೆ ಬಿಳಿಯ ಮುಳ್ಳೇಳುತ್ತದೆ. ಅದನ್ನು ಹಂಚಿ, ‘ಒಳ್ಳೆಯ ಮಾತಾಡಿ’ ಎನ್ನುತ್ತೇವೆ. ಮಗುವಿನ ಮೊದಲ ಸಂಕ್ರಾಂತಿಗೆ ಅದೇ ಕಾಳನ್ನು ದಾರಕ್ಕೆ ಪೋಣಿಸಿ ಸರ ಹಾಕುವುದು ನಮ್ಮಮ್ಮ ಬೆಳಗಾವಿಯ ತವರಿನಿಂದ ತಂದ ಪದ್ಧತಿ. ಈ ಸಲ ಕುಮಟಾ ಹತ್ತಿರದ ಹೊಳನಗದ್ದೆಯಲ್ಲಿ ಅಕ್ಕನ ಮರಿಮಗಳಿಗೆ ಮೊದಲ ಸಂಕ್ರಾಂತಿ. ಮನೆಯ ಮಕ್ಕಳೆಲ್ಲರ ಸರವನ್ನೂ ಅಕ್ಕನ ಕೈಯೇ ಮಾಡಿದೆ. ಇದೊಂದು ತಪ್ಪಿದರೆ ಅವಳು ಸಹಿಸಲಾರಳು.

ಶಿರಾಲಿ ದಾಟಿತು. ಕಿಟಕಿಯಾಚೆ ಗದ್ದೆ, ತೆಂಗು, ಒಣಹಾಕಿದ ಬಟ್ಟೆ ಎಲ್ಲ ನಿದ್ದೆಗಣ್ಣಿನಲ್ಲಿ ಕಂಡ ಹಾಗೆ ಹಿಂದೆ ಸರಿದವು. ಶರಾವತಿ ಬಂದಾಗ ನೀರು ಯಾವುದು, ಆಕಾಶ ಯಾವುದು ಎಂದು ತಿಳಿಯದಷ್ಟು ತೆಳ್ಳಗಿನ ಬಿಳಿ ಬೆಳಕು. ಕಾನ್ವೆಂಟ್ ಹಾಸ್ಟೆಲಿನಿಂದ ರಜೆಗೆ ಬರುವಾಗಲೂ ನದಿ ಹೀಗೆಯೇ ಇತ್ತು. ಆಗ ಅಕ್ಕ ದಡದಲ್ಲಿ ಕಾದಿರುತ್ತಿದ್ದಳು. ಈಗ ಹೊನ್ನಾವರದ ಸ್ಟ್ಯಾಂಡಿನಲ್ಲಿ ಕಾದಿದ್ದಳು, ಮಡಿಲಲ್ಲಿ ಕಾಳಿನ ಡಬ್ಬಿ, ಪಕ್ಕದಲ್ಲಿ ಹಳೆ ಸೀರೆಯಲ್ಲಿ ಸುತ್ತಿದ ಹರಿವಾಣ.

"ಡಬ್ಬಿ ನಾನು ಹಿಡೀಲಾ?" ಎಂದೆ.

"ಆ ಉಗುರು ಇಟ್ಕಂಡಾ? ಬ್ಯಾಡ ಮಾರಾಯ್ತಿ. ನಿಂದು ಇಂಗ್ಲಿಷ್ ಓದೂ ಕೈ."

ಉಗುರಿನದೊಂದು ಕಥೆ. ಕಾನ್ವೆಂಟಿನಲ್ಲಿ ಪ್ರತಿ ಸೋಮವಾರ "ನೇಲ್ಸ್, ಗರ್ಲ್ಸ್!" ಎಂದು ಸಿಸ್ಟರ್ ಸ್ಕೇಲ್ ಹಿಡಿದು ಬರುತ್ತಿದ್ದರು. ಶಾಲೆ ಬಿಟ್ಟ ದಿನದಿಂದ ಉಗುರು ಬೆಳೆಸಿ ಬಣ್ಣ ಹಚ್ಚುತ್ತಿದ್ದೇನೆ. ನನ್ನ ಲಿಟಲ್ ರೆಬೆಲಿಯನ್ ಅಷ್ಟೇ.

ಕುಮಟಾದಲ್ಲಿ ಬಸ್ ಬದಲಿಸುವಾಗ ಊಟ ಮಾಡಿದೆವು; ಕುಚ್ಚಲಕ್ಕಿ ಅನ್ನ, ತಂಬ್ಳಿ. ಪಕ್ಕದ ಅಂಗಡಿಯಲ್ಲಿ ಪ್ಯಾಕೆಟ್ ಕಾಳು ತೂಗುತ್ತಿತ್ತು, ಗುಲಾಬಿ, ಹಸಿರು, ಒಂದೊಂದಕ್ಕೂ ಮುಳ್ಳು. ಅಷ್ಟರಲ್ಲೇ ಮಗುವಿನ ತಾಯಿ ಅಶ್ವಿನಿಯ ಫೋನ್. "ಅಜ್ಜೀ, ಎಂತಕೆ ಇಷ್ಟು ತ್ರಾಸು? ಪೇಟೆಲೇ ಸಿಗ್ತದಲ್ಲ?"

"ನಿನ್ನ ಮಗಳಿಗೆ ಅಜ್ಜೀನೂ ಪೇಟೆಲೇ ಸಿಗ್ತದೆ, ತಗಾ!" ಎಂದು ಅಕ್ಕ ಫೋನಿಟ್ಟಳು.

ಕತಗಾಲ ಮುಟ್ಟುವಾಗ ಸಂಜೆ. ಕಾಡು ರಸ್ತೆಯ ಹತ್ತಿರಕ್ಕೇ ಬಂದು ನಿಂತಿತ್ತು. ದೇವಿಮನೆ ಘಟ್ಟದ ಕಡೆಯಿಂದ ತಣ್ಣನೆಯ ಗಾಳಿ. ಸೆರಗು ಹೊದ್ದುಕೊಂಡ ಅಕ್ಕನ ಮುಖ ಅರಳಿತು. ಅವಳ ಗೆಳತಿ ಸಾವಿತ್ರಕ್ಕ ಬಾಗಿಲಲ್ಲೇ ನಕ್ಕರು. "ಚಳಿ ಕೇಳ್ಕಂಡು ಬಂದವು ನಿಂಗವೇ ಮೊದಲು. ಬೇಕಾದಷ್ಟು ಇದ್ದು, ಗಂಟು ಕಟ್ಕಂಡು ಹೋಗಿ!"

ಕೋಳಿ ಕೂಗುವ ಹೊತ್ತಿಗೆ ಕೆಂಡ ಹಾಕಿ ಕೂತೆವು. ಅಂಗಳ ತುಂಬ ಮಂಜು, ಬಾವಿಕಟ್ಟೆ ತೇಲುತ್ತಿರುವಂತಿತ್ತು. ಬಾಯಿ ತೆರೆದರೆ ಹೊಗೆ. ಅಕ್ಕ ಪಾಕ ಬಿಟ್ಟಳು, ಬೆರಳಾಡಿಸಿದಳು. ಕಾಳು ಹರಿವಾಣದಲ್ಲಿ ಸಣ್ಣ ಮಳೆಯಂತೆ ಸದ್ದು ಮಾಡಿತು. ಮತ್ತೊಂದು ಚಮಚ, ಮತ್ತೊಂದು. ಮೂಡಣದಲ್ಲಿ ಬಿಳಿ ಗೆರೆ ಬಂತು. ಕಾಳು ನುಣ್ಣಗೇ ಇತ್ತು.

ಆಗ ಗಮನಿಸಿದೆ. ಸೂಜಿಮೊನೆಯಷ್ಟು ಮುಳ್ಳು ಏಳುತ್ತಿತ್ತು. ಅಕ್ಕನ ಬೆರಳು ಬಲವಾಗಿ ಒತ್ತಿ ಅದನ್ನು ತಿಕ್ಕಿಬಿಡುತ್ತಿತ್ತು. ಹರಿವಾಣದ ಅಂಚು ಸುಡುತ್ತಿದ್ದರೂ ಅವಳು ಕೈ ಹಿಂದೆಗೆಯಲಿಲ್ಲ.

"ಲಲ್ಲೀ, ಚಳಿ ಇದೆ ಅಲ್ದಾ?"

"ಇದೆ ಅಕ್ಕ. ಚೆನ್ನಾಗಿದೆ."

ಅವಳು ಬೆರಳುಗಳನ್ನು ಕೆನ್ನೆಗೆ ಒತ್ತಿಕೊಂಡಳು, ತುಟಿಗೆ ಒತ್ತಿಕೊಂಡಳು. "ಬೆರಳಿಗೆ ಬಿಸಿಯೇ ಗೊತ್ತಾಗ್ತಿಲ್ವೆ," ಎಂದಳು ಮೆಲ್ಲಗೆ, ಬೇರೆ ಯಾರದೋ ಸುದ್ದಿ ಹೇಳುವ ಹಾಗೆ. ಆಮೇಲೆ ಹರಿವಾಣವನ್ನು ನನ್ನ ಕಡೆ ತಳ್ಳಿದಳು. "ನೀ ಕೈ ಹಾಕು."

"ನಾನಾ? ಉಗುರು ತೆಗೆದು ಬರ್ತೆ, ತಡಿ."

"ಬೆಳಕಾಗೂಕೆ ಮುಂಚೆ ಉಗುರು ತೆಗೀತ್ಯಾ? ದರಿದ್ರ! ಅಂಗೈಲಿ ಆಡ್ಸು. ಒತ್ತಬ್ಯಾಡ. ಮಗೀನ ತಲೆ ಸವರ್ದಂಗೆ."

ಆಡಿಸಿದೆ. ಸುಟ್ಟಾಗ ಕೈ ತೆಗೆದೆ, ಅಕ್ಕ ಬೈದಳು, ಮತ್ತೆ ಇಟ್ಟೆ. ಪಾಕ ಅವಳದು, ಕೈ ನನ್ನದು. ಸಾವಿತ್ರಕ್ಕ ತಂದಿಟ್ಟ ಕಾಫಿ ಆರಿತು. ಹಾಗೇ ಎಷ್ಟು ಹೊತ್ತು ಕಳೆಯಿತೋ, ಅಂಗೈಗೆ ಏನೋ ಚುಚ್ಚಿತು, ಬೆಕ್ಕಿನ ಮರಿಯ ನಾಲಿಗೆಯಷ್ಟು ಮೃದುವಾಗಿ.

ಅಕ್ಕ ಒಂದು ಕಾಳನ್ನೆತ್ತಿ ಬೆರಳಿನಿಂದ ಸವರಿದಳು, ತಿಳಿಯಲಿಲ್ಲ. ನಾಲಿಗೆಯ ಮೇಲಿಟ್ಟುಕೊಂಡು ಕಣ್ಣು ಮುಚ್ಚಿದಳು. "ಬಂತು," ಎಂದಳು.

ಮಧ್ಯಾಹ್ನ ನಾನು ಪೋಣಿಸಿದೆ. ಸಿಸ್ಟರ್ ಕಲಿಸಿದ ನೀಡಲ್‌ವರ್ಕ್ ಇಷ್ಟು ವರ್ಷದ ಮೇಲೆ ಉಪಯೋಗಕ್ಕೆ ಬಂತು.

ಹಬ್ಬದ ದಿನ ಹೊಳನಗದ್ದೆಯಲ್ಲಿ ಪದ್ಧತಿಯಂತೆ ಕಪ್ಪು ಫ್ರಾಕ್ ತೊಡಿಸಿದ ಮಗುವಿಗೆ ಸರ ಹಾಕಿ ಆರತಿ ಎತ್ತಿದರು. ಕಪ್ಪಿನ ಮೇಲೆ ಮುಳ್ಳು ಮುಳ್ಳಾದ ಬಿಳುಪು. ಮಗು ಮೊದಲು ಮಾಡಿದ ಕೆಲಸ ಅದನ್ನು ಚೀಪಿದ್ದು. ಓಣಿಯ ಹೆಂಗಸರು ಕೇಳಿದರು, "ಈ ವರ್ಷನೂ ನೀವೇ ಮಾಡಿದ್ರಾ, ಯಶೋದಕ್ಕ?"

ಅಕ್ಕ ನನ್ನ ಕಡೆ ನೋಡಲಿಲ್ಲ. "ನಾ ಅಲ್ಲ. ಕತಗಾಲದ ಚಳಿ ಮಾಡಿದ್ದು," ಎಂದಳು. ಎಲ್ಲರೂ ನಕ್ಕರು. ಆರತಿ ಮುಗಿದದ್ದೇ ತಡ, ಮಕ್ಕಳು ಸರವನ್ನು ಕಿತ್ತು ಹಂಚಿಕೊಂಡು ತಿಂದರು. ಉಳಿದದ್ದು ಅಂಟಂಟು ದಾರ. ಅದಿರುವುದೇ ಹಾಗೆ.

ಮರಳುವಾಗ ಒಂದೇ ಬಸ್ಸಿನಲ್ಲಿ ಬಂದೆವು. ಹೊನ್ನಾವರದವರೆಗೂ ಅಕ್ಕ ನನ್ನ ಹೆಗಲಿಗೆ ಒರಗಿ ನಿದ್ದೆ ಹೋದಳು. ಇಳಿದವಳು ಕಿಟಕಿಯ ಕೆಳಗೆ ಬಂದು, ಹರಿವಾಣವನ್ನು ಸೊಂಟಕ್ಕಾನಿಸಿ ನಿಂತಳು.

"ಬರೂ ವರ್ಷ ಚಳಿ ಬೀಳೂಕೆ ಮೊದ್ಲೇ ಬಾ," ಎಂದಳು. ಬಸ್ಸು ಹೊರಟಾಗ ದನಿ ಏರಿಸಿದಳು. "ಉಗುರು ತೆಗ್ದು ಬಾ!"

ಶರಾವತಿ ಸೇತುವೆಯ ಮೇಲೆ ಹತ್ತೂ ಬೆರಳನ್ನು ಬೆಳಕಿಗೆ ಹಿಡಿದು ನೋಡಿದೆ. ಕೆಂಪು ಬಣ್ಣದ ಉಗುರುಗಳ ಅಡಿಯಲ್ಲಿ ಇನ್ನೂ ಸಕ್ಕರೆಯ ಪುಡಿ ಇತ್ತು. ಭಟ್ಕಳ ಮುಟ್ಟಿದಾಗ ಹೊತ್ತು ಮುಳುಗಿತ್ತು. ಮರುದಿನ, ಬಿಸಿಲು ಮೆಟ್ಟಿಲಿಗೆ ಬರುವವರೆಗೂ ಕಾದು, ನೇಲ್ ಕಟರ್ ಹಿಡಿದು ಕೂತೆ.