ಸ್ಟಮಾತಿಯಾ ಮೇಡಂ ಬಾಯಿ ಬಿಟ್ಟು ಹೊಗಳಿದ್ದು

ಸ್ಟಮಾತಿಯಾ ಮೇಡಂ ಬಾಯಿಂದ ಒಂದು ಒಳ್ಳೆಯ ಮಾತು ಹೊರಡಿಸುವುದಕ್ಕಿಂತ ಊರ ಸರೋವರವನ್ನು ಚಮಚದಲ್ಲಿ ಬತ್ತಿಸುವುದು ಸುಲಭ ಎಂದು ಗ್ರೀಸ್ ದೇಶದ ಕಸ್ತೋರಿಯಾದ ಮಕ್ಕಳು ಆಡಿಕೊಳ್ಳುತ್ತಿದ್ದರು. ಅವರು ಅಲ್ಲಿಯ ಹೈಸ್ಕೂಲಿನಲ್ಲಿ ಗಣಿತ ಕಲಿಸುತ್ತ ತಲೆ ನರೆಸಿಕೊಂಡವರು. ಲೆಕ್ಕ ತಪ್ಪಿದರೆ ಬೈಗುಳ ಧಾರಾಳ. ಸರಿಯಾದರೆ "ಪರವಾಗಿಲ್ಲ". ಅದರಿಂದ ಮೇಲಕ್ಕೆ ಮೆಟ್ಟಿಲೇ ಇರಲಿಲ್ಲ. ಮೇಡಂ "ಪರವಾಗಿಲ್ಲ" ಅಂದರಂತೆ ಎಂದು ಗೊತ್ತಾದ ದಿನ ತಾಯಂದಿರು ಮನೆಯಲ್ಲಿ ಸಿಹಿ ಮಾಡುತ್ತಿದ್ದರು.

ಇದು ಜಿಪುಣತನವಲ್ಲ, ಭಯ. ಹೊಗಳಿದರೆ ಕಣ್ಣು ಬೀಳುತ್ತದೆ. ಕಣ್ಣು ಬಿದ್ದ ಮಗು ಪರೀಕ್ಷೆಯ ದಿನವೇ ಜ್ವರ ಬಂದು ಮಲಗುತ್ತದೆ. ಊರಿನ ಪಾದ್ರಿಯೇ ದೃಷ್ಟಿಗೆ ಪ್ರಾರ್ಥನೆ ಓದುವಾಗ ಮೇಡಂ ನಂಬಿದ್ದರಲ್ಲಿ ತಪ್ಪೇನು? ತೊಟ್ಟಿಲ ಕೂಸನ್ನು ಚಂದ ಎಂದವರು ಮೂರು ಸಲ ಥೂ ಎನ್ನಬೇಕು, ಇಲ್ಲದಿದ್ದರೆ ತಾಯಿ ಮುಖ ಸಿಂಡರಿಸುತ್ತಾಳೆ. ಮೇಡಂ ಚಂದ ಎನ್ನುವ ಗೋಜಿಗೇ ಹೋಗುತ್ತಿರಲಿಲ್ಲ.

ಹೀಗಿರುವಾಗ, ತುಪ್ಪಳದ ಕೋಟು ಹೊಲಿಯುವ ಲಾಜರೋಸನ ಮಗಳು ಅರ್ಗಿರೋ ಕೇಂಬ್ರಿಡ್ಜ್‌ಗೆ ಅರ್ಜಿ ಹಾಕಲು ಹೊರಟಳು. ಹಾಕು ಎಂದು ಹುರಿದುಂಬಿಸಿದವನು ಇಂಗ್ಲಿಷ್ ಮೇಷ್ಟ್ರು ಇಯೋರ್ದಾನಿಸ್. ಮನೆಯವರು ಈ ಸುದ್ದಿಯನ್ನು ಸ್ವಂತ ಚಿಕ್ಕಮ್ಮನಿಗೂ ಹೇಳಿರಲಿಲ್ಲ. ಆದರೆ ಬ್ರಿಟಿಷರ ಪದ್ಧತಿಯೇ ಬೇರೆ. ಹುಡುಗಿ ಎಂಥವಳು ಎಂದು ಗುರುಗಳು ಬರೆದುಕೊಡಬೇಕು. ಅದೂ ಸಾಲದು, ಬರುವ ಜೂನ್‌ನಲ್ಲಿ ನಡೆಯುವ ಪರೀಕ್ಷೆಯಲ್ಲಿ ಎಷ್ಟು ಅಂಕ ಬರುತ್ತದೆಂದು ಈ ಅಕ್ಟೋಬರ್‌ನಲ್ಲೇ ಹೇಳಬೇಕು.

ನಾನೇನು ಕಾಫಿ ಲೋಟದ ತಳದ ಗಸಿ ನೋಡಿ ಭವಿಷ್ಯ ಹೇಳುವವಳೇ ಎಂದು ಮೇಡಂ ಗೊಣಗಿದರು. ಅರ್ಗಿರೋಗೆ ಇಪ್ಪತ್ತಕ್ಕೆ ಇಪ್ಪತ್ತು ಬರುತ್ತದೆಂದು ಅವರಿಗೆ ತಮ್ಮ ಹೆಸರಿನಷ್ಟೇ ಖಚಿತವಾಗಿ ಗೊತ್ತಿತ್ತು. ಗೊತ್ತಿದ್ದರಿಂದಲೇ ಹದಿನೇಳು ಎಂದು ಬರೆದರು. ಕೆಳಗೆ, "ಹುಡುಗಿ ಪರವಾಗಿಲ್ಲ. ಹೇಳಿದ ಕೆಲಸ ಮಾಡುತ್ತಾಳೆ. ಅವಸರ ಜಾಸ್ತಿ" ಎಂದು ಸೇರಿಸಿದರು. ಮಗುವಿನ ಹಣೆಗೆ ಕಪ್ಪು ಚುಕ್ಕೆ ಇಟ್ಟಷ್ಟು ನೆಮ್ಮದಿಯಾಯಿತು.

ಅದನ್ನು ಇಂಗ್ಲಿಷಿಗೆ ತಿರುಗಿಸಲು ಕೂತ ಇಯೋರ್ದಾನಿಸ್ ಓಡಿ ಬಂದ. ಅವನೂ ಒಂದು ಕಾಲಕ್ಕೆ ಮೇಡಂ ಕೈಲಿ ಬೈಸಿಕೊಂಡವನೇ.

"ಮೇಡಂ, ನಮ್ಮೂರಲ್ಲಿ ನಿಮ್ಮ ಪರವಾಗಿಲ್ಲ ಅಂದ್ರೆ ಬಂಗಾರ. ಆ ಜನಕ್ಕೆ ಪರವಾಗಿಲ್ಲ ಅಂದ್ರೆ ಬರೀ ಪರವಾಗಿಲ್ಲ. ಇದನ್ನ ಕಳಿಸಿದ್ರೆ ಹುಡುಗೀನ ಮಾತಾಡ್ಸೋಕೂ ಕರೆಯಲ್ಲ ಅವರು."

ಜೂನ್‌ನಲ್ಲಿ ಅಂಕ ಬಂದಾಗ ತಾವೇ ಬೆರಗಾಗುತ್ತಾರೆ ಬಿಡು ಎಂದರು ಮೇಡಂ. ಜೂನ್‌ವರೆಗೆ ಅವರು ಕಾಯುವುದಿಲ್ಲ ಎಂದ ಅವನು. ಮೇಡಂ ಜಗ್ಗಲಿಲ್ಲ. ಬೇರೆ ದಾರಿ ಕಾಣದೆ ಅವನು ಹುಡುಗಿಯನ್ನೇ ಕರೆದು ಅವಳ ಕೈಗೆ ಆ ಕಾಗದ ಕೊಟ್ಟುಬಿಟ್ಟ. ಅವಳಾದರೂ ಜಗಳವಾಡಲಿ ಎಂದು ಅವನ ಲೆಕ್ಕ.

ಅರ್ಗಿರೋ ಜಗಳವಾಡಲಿಲ್ಲ. ಓದಿದಳು, ಮಡಚಿದಳು, ಮೇಡಂ ಮೇಜಿನ ಮೇಲೆ ಇಟ್ಟಳು.

"ಸರಿಯಾಗೇ ಬರ್ದಿದೀರ ಮೇಡಂ. ನಂಗೂ ಇಷ್ಟೇ ಅನ್ನಿಸ್ತಿತ್ತು. ಮೇಷ್ಟ್ರು ಸುಮ್ನೆ ಉಬ್ಬಿಸ್ತಿದ್ರು. ಅರ್ಜಿ ಬೇಡ, ಬಿಟ್ಬಿಡೋಣ."

ಮೇಡಂಗೆ ಆಗ ಹೊಳೆಯಿತು. ಪಾಠ ಹೇಳಿದ ಮೂರು ವರ್ಷ ಊರ ಕಣ್ಣಿಂದ ಬಚ್ಚಿಟ್ಟ ಮೆಚ್ಚುಗೆಯನ್ನು ಈ ಹುಡುಗಿಯಿಂದಲೂ ಬಚ್ಚಿಟ್ಟಿದ್ದೆನಲ್ಲ! ಪಕ್ಕದ ಬೆಂಚಿನವರು "ಪರವಾಗಿಲ್ಲ"ವನ್ನು ಪದಕದ ಹಾಗೆ ಹೊತ್ತು ಮನೆಗೆ ಓಡುತ್ತಿದ್ದಾಗ, ಈ ಪೆದ್ದಿ ಅದನ್ನು ಅಕ್ಷರಶಃ ನಂಬಿಕೊಂಡು ಕೂತಿದ್ದಳು. ಅವರಿಗೆ ತಮ್ಮ ಮೇಲೇ ಸಿಟ್ಟು ಬಂತು, ಆ ಸಿಟ್ಟು ಎಂದಿನಂತೆ ಹುಡುಗಿಯ ಮೇಲೇ ತಿರುಗಿತು.

"ಕೂತ್ಕೊ. ತಲೆ ಎತ್ತು. ನಾನು ಇಷ್ಟು ವರ್ಷ ಪಾಠ ಮಾಡಿದೀನಿ, ನಿನ್ನಂಥ ತಲೆ ಇನ್ನೊಂದು ನೋಡಿಲ್ಲ. ಹೋದ್ ವರ್ಷ ಚಳಿಗಾಲದಲ್ಲಿ ನೀನು ಬೋರ್ಡ್ ಮೇಲೆ ಮಾಡಿದ ಲೆಕ್ಕ ನಂಗೆ ಆ ದಾರೀಲಿ ಹೊಳೆದೇ ಇರ್ಲಿಲ್ಲ. ಮನೇಗ್ ಹೋಗಿ ಬರ್ಕೊಂಡೆ. ಕೇಳಿಸ್ತಾ?"

ಹುಡುಗಿ ಬಿಕ್ಕಿ ಬಿಕ್ಕಿ ಅತ್ತಳು. ಬಾಗಿಲಲ್ಲಿ ನಿಂತ ಇಯೋರ್ದಾನಿಸ್‌ಗೆ ಖುಷಿಯಾಯಿತು. ಹೊಟ್ಟೆಕಿಚ್ಚೂ ಸ್ವಲ್ಪ ಇತ್ತೆನ್ನಿ. ಮೇಡಂ ಹಳೆಯ ಕಾಗದ ಹರಿದು ಹೊಸದಾಗಿ ಬರೆದರು. ಇಪ್ಪತ್ತು ಎಂದು ಬರೆಯುವ ಮೊದಲು ಮೂರು ಸಲ ಥೂ ಎಂದರು. ಆಮೇಲೆ ಬರೆದರು. ಬೋರ್ಡ್ ಮೇಲಿನ ಲೆಕ್ಕವನ್ನೂ ಒಂದು ಹೆಜ್ಜೆ ಬಿಡದೆ ಬರೆದರು.

ಡಿಸೆಂಬರ್‌ನಲ್ಲಿ ಕೇಂಬ್ರಿಡ್ಜಿನವರು ಕಂಪ್ಯೂಟರ್ ಪರದೆಯ ಮೇಲೆ ಅರ್ಗಿರೋಳನ್ನು ಮಾತಾಡಿಸಿದರು. ಅವಳು ತಡವರಿಸದೆ ಉತ್ತರ ಕೊಟ್ಟಳು. ಜನವರಿಯಲ್ಲಿ ಸೀಟು ಕೊಟ್ಟರು, ಒಂದು ಷರತ್ತಿನ ಮೇಲೆ: ಜೂನ್‌ನಲ್ಲಿ ಅವಳು ಮೇಡಂ ಹೇಳಿದ ಹಾಗೆ ಅಂಕ ತೆಗೆಯಬೇಕು.

ಆ ವಾರದ ಸಂತೆಯಲ್ಲಿ ಮೇಡಂ ಅವರೆಕಾಳು ಆರಿಸುತ್ತಿದ್ದಾಗ ಅರ್ಗಿರೋ ತನ್ನ ತಾಯಿ ದೆಸ್ಪೀನಾ ಜೊತೆ ಬಂದಳು. ಸುದ್ದಿ ಹೇಗೋ ಸೋರಿತ್ತು. ಕಾಳಿನ ಅಂಗಡಿಯವಳು, ಅಷ್ಟೊಂದು ಅಂಕ ನಿಜಕ್ಕೂ ಬರುತ್ತದೆಯೇ ಎಂದು ಕೇಳಿದಳು.

"ಬರುತ್ತೆ," ಎಂದಳು ಅರ್ಗಿರೋ, ನಾಲ್ಕು ಅಂಗಡಿಗೆ ಕೇಳುವ ಹಾಗೆ.

ದೆಸ್ಪೀನಾ ಗಾಬರಿಯಿಂದ ಮಗಳ ಬಾಯಿ ಮುಚ್ಚಿದಳು. ಮೇಡಂ ಕಾಳು ಕೆಳಗಿಟ್ಟು ಆ ಕೈಯನ್ನು ಹಿಡಿದು ತೆಗೆದರು.

"ಬಿಡಮ್ಮಾ, ಹೇಳ್ಲಿ. ಅವಳಿಗೆ ಇದನ್ನ ಕಲಿಸೋಕೇ ನಂಗೆ ಮೂರು ವರ್ಷ ಬೇಕಾಯ್ತು."